ಬೆಟ್ಟ ಇಳಿಯೋಕೆ ಒಳ್ಳೆ ಬ್ರೇಕ್ ಹುಡುಕಿದ್ದು

ಹೋದ ವರ್ಷ ಆಗಸ್ಟ್‌ನ ಒಂದು ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟದಿಂದ ಇಳಿಯುತ್ತಿದ್ದೆ, ಸಣ್ಣಗೆ ಸೋನೆ ಹಿಡಿದಿತ್ತು. ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಎರಡೂ ಲಿವರ್ ಗಟ್ಟಿಯಾಗಿ ಹಿಡಿದೆ. ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಬಂತು, ಸೈಕಲ್ ಮಾತ್ರ ನಾನು ಅಂದುಕೊಂಡ ಜಾಗದಲ್ಲಿ ನಿಲ್ಲಲಿಲ್ಲ. ಪಕ್ಕದಲ್ಲಿ ಜಾಗ ಇತ್ತು, ಬಚಾವಾದೆ. ಮನೆ ಸೇರುವವರೆಗೂ ಕೈ ನಡುಗುತ್ತಿತ್ತು.

ನನ್ನದು ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, ಅಲಾಯ್ ರಿಮ್. ಲಿವರ್, ಗೇರ್ ಎಲ್ಲ ಶಿಮಾನೋ ಕಂಪನಿಯ 105, 5800 ಸರಣಿಯದು. ಪ್ಯಾಡ್‌ಗಳನ್ನು ಎರಡೂ ಕಡೆಯಿಂದ ರಿಮ್ಮಿಗೆ ಒತ್ತುವ ತೋಳುಗಳ ಜೋಡಿ, ಅಂದರೆ ಕ್ಯಾಲಿಪರ್ ಮಾತ್ರ ಹೆಸರೇ ಇಲ್ಲದ್ದು, ಸೈಕಲ್ ಜೊತೆಗೇ ಬಂದದ್ದು. ಡಿಸ್ಕ್ ಬ್ರೇಕ್ ಸೈಕಲ್ ತಗೋ ಅಂದವರು ತುಂಬ ಜನ. ನನ್ನ ಫ್ರೇಮಿಗೆ ಡಿಸ್ಕ್ ಹಾಕೋಕೆ ಜಾಗವೇ ಇಲ್ಲ, ಮತ್ತೆ ಈ ಸೈಕಲ್ ಬಿಡೋ ಮನಸ್ಸೂ ನನಗಿಲ್ಲ.

ದುಡ್ಡು ಖರ್ಚು ಮಾಡೋ ಮೊದಲು ಎರಡು ಕೆಲಸ ಮಾಡಿದೆ. ಮೊದಲನೆಯದು ಪ್ಯಾಡ್. ಬಿಚ್ಚಿ ನೋಡಿದರೆ ರಬ್ಬರ್ ಗಾಜಿನ ಹಾಗೆ ಹೊಳೆಯುತ್ತಿತ್ತು, ಅದರೊಳಗೆ ರಿಮ್ಮಿನ ಅಲ್ಯೂಮಿನಿಯಂ ಚೂರುಗಳು ಬೆಳ್ಳಗೆ ಮಿನುಗುತ್ತಿದ್ದವು. ಹೊಸ ಶಿಮಾನೋ R55C4 ಪ್ಯಾಡ್ ಹಾಕಿದೆ, ಕೇಬಲ್, ಅದರ ಹೊರಗಿನ ಕೊಳವೆ (ಹೌಸಿಂಗ್) ಎರಡೂ ಬದಲಾಯಿಸಿದೆ. ನಿಜ ಹೇಳ್ತೀನಿ, ಅರ್ಧ ಸಮಸ್ಯೆ ಅಲ್ಲೇ ಹೋಯಿತು. ನೀವೂ ಇಲ್ಲಿಂದಲೇ ಶುರು ಮಾಡಿ.

ಎರಡನೆಯದು, ಸೈಕಲ್ ನಿಲ್ಲಿಸಿ ಮುಂದಿನ ಲಿವರ್ ಜೋರಾಗಿ ಹಿಡಿದು ಕ್ಯಾಲಿಪರನ್ನೇ ನೋಡುತ್ತಾ ಕೂತೆ. ಪ್ಯಾಡ್ ರಿಮ್ಮಿಗೆ ತಾಗಿ ಆಯಿತು. ಆಮೇಲೂ ಲಿವರ್ ಒಳಗೆ ಬರುತ್ತಲೇ ಇದೆ. ಎಲ್ಲಿಗೆ ಹೋಗ್ತಿದೆ ಈ ಬಲ? ಕ್ಯಾಲಿಪರಿನ ತೋಳುಗಳು ಹೊರಕ್ಕೆ ಬಾಗುತ್ತಿದ್ದವು, ಲಿವರ್ ಹಿಡಿದೇ ಸೈಕಲ್ ಮುಂದಕ್ಕೆ ತಳ್ಳಿದರೆ ಇಡೀ ಕ್ಯಾಲಿಪರ್ ಚಕ್ರ ತಿರುಗುವ ದಿಕ್ಕಿಗೆ ಒಂಚೂರು ತಿರುಚಿಕೊಳ್ಳುತ್ತಿತ್ತು. ದುಬಾರಿ ಕ್ಯಾಲಿಪರಿಗೆ ನಾವು ದುಡ್ಡು ಕೊಡೋದು ಮುಖ್ಯವಾಗಿ ಈ ಬಾಗೋದು ನಿಲ್ಲಲಿ ಅಂತ. ತೂಕ ಆಮೇಲಿನ ಮಾತು. ತೋಳು ಬಾಗದಿದ್ದರೆ ಬೆರಳು ಎಷ್ಟು ಒತ್ತಿತೋ ಅಷ್ಟು ರಿಮ್ಮಿಗೆ ಹೋಗುತ್ತೆ, ಚಕ್ರ ಲಾಕ್ ಆಗೋ ಸ್ವಲ್ಪ ಮೊದಲು ಎಲ್ಲಿ ನಿಲ್ಲಿಸಬೇಕು ಅಂತ ಕೈಗೆ ಗೊತ್ತಾಗುತ್ತೆ.

ಆಮೇಲೆ ಅಳತೆ. ಕ್ಯಾಲಿಪರ್ ಕೂರಿಸೋ ಬೋಲ್ಟಿನ ನಡುವಿನಿಂದ ರಿಮ್ಮಿನಲ್ಲಿ ಪ್ಯಾಡ್ ಕೂರುವ ಜಾಗದ ನಡುವಿನವರೆಗೆ ಸ್ಕೇಲ್ ಇಟ್ಟೆ. ಮುಂದೆ 44 ಮಿ.ಮೀ., ಹಿಂದೆ 46. ಸಾಮಾನ್ಯ ರೋಡ್ ಕ್ಯಾಲಿಪರ್ ಸುಮಾರು 39ರಿಂದ 49 ಮಿ.ಮೀ.ವರೆಗೆ ಸಾಕಾಗುತ್ತೆ, ಹಾಗಾಗಿ ನನಗೆ ತೊಂದರೆ ಇಲ್ಲ. ಮಡ್‌ಗಾರ್ಡ್ ಹಾಕೋ ಟೂರಿಂಗ್ ಫ್ರೇಮ್ ಆದರೆ 47ರಿಂದ 57ರದ್ದು ಬೇಕಾಗಬಹುದು, ಅದು ಬೇರೆ ಜಾತಿ. ಒಂದೇ ಬೋಲ್ಟಿನದೋ ಎರಡು ಬೋಲ್ಟಿನ ಡೈರೆಕ್ಟ್ ಮೌಂಟೋ ಅಂತಲೂ ನೋಡಿಕೊಳ್ಳಿ, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ.

ಹೊಸ ಕ್ಯಾಲಿಪರ್‌ಗಳ ಪಟ್ಟಿಯಲ್ಲಿ ಮೂರು ಉಳಿದವು. ಕೇನ್ ಕ್ರೀಕ್ ಈಬ್ರೇಕ್ ನೋಡಿದರೆ ಆಸೆ ಆಗುತ್ತೆ, ಜೋಡಿ 200 ಗ್ರಾಂ ಕೂಡ ಇಲ್ಲ, ಒಂದೊಂದು ತುಂಡೂ ಕಡೆದಿಟ್ಟ ಹಾಗಿದೆ. ಆದರೆ ಬೆಲೆ ಮೇಲೆ ಕಸ್ಟಮ್ಸ್ ಸೇರಿಸಿ ನೋಡಿದಾಗ ಆ ದುಡ್ಡಿಗೆ ಒಳ್ಳೆ ಚಕ್ರದ ಜೋಡಿಯೇ ಬರುತ್ತಿತ್ತು. ಕಂಪಾನ್ಯೋಲೋ ಸ್ಕೆಲಿಟನ್ ಕಣ್ಣಿಗೆ ಎಲ್ಲಕ್ಕಿಂತ ಚಂದ. ಚಕ್ರ ತೆಗೆಯುವಾಗ ಬ್ರೇಕ್ ಅಗಲಿಸೋ ಕ್ವಿಕ್ ರಿಲೀಸ್ ಅವರು ಇಡೋದು ಲಿವರಿನಲ್ಲಿ, ಶಿಮಾನೋ ಇಡೋದು ಕ್ಯಾಲಿಪರಿನಲ್ಲಿ. ಎರಡನ್ನೂ ಸೇರಿಸಿದರೆ ಬ್ರೇಕ್ ಅಗಲಿಸೋಕೆ ಎಲ್ಲೂ ದಾರಿ ಇರಲ್ಲ, ದಪ್ಪ ಟೈರಿನ ಚಕ್ರ ಬಿಚ್ಚೋಕೆ ಗಾಳಿ ಇಳಿಸಬೇಕು. ಮಂಡ್ಯ ಕಡೆ ಹೋದಾಗ ಪಂಕ್ಚರ್ ಆಗೋದು ನನಗೆ ಹೊಸದಲ್ಲ, ಆ ತಾಪತ್ರಯ ಬೇಡ ಅನಿಸಿತು.

ಉಳಿದದ್ದು ಶಿಮಾನೋ. ಇಲ್ಲಿ ಒಂದು ಮುಖ್ಯ ವಿಷಯ ಇದೆ, ಯಾರೂ ಬೇಗ ಹೇಳಲ್ಲ. ಲಿವರ್ ಎಳೆಯುವ ಕೇಬಲ್ ಉದ್ದ ಎಲ್ಲ ಕಾಲದಲ್ಲೂ ಒಂದೇ ಅಲ್ಲ. ಶಿಮಾನೋದ ಎಲ್ಲಕ್ಕಿಂತ ಮೇಲಿನ ದರ್ಜೆ ಡ್ಯುರಾ ಏಸ್‌ನ 7900 ಸರಣಿ ಬಂದಾಗಿನಿಂದ ಹೊಸ ಲಿವರ್‌ಗಳು ಜಾಸ್ತಿ ಕೇಬಲ್ ಎಳೆಯುತ್ತವೆ, ಅದಕ್ಕೆ ತಕ್ಕಂತೆ ಕ್ಯಾಲಿಪರ್ ಕೂಡ ಬದಲಾಯಿತು. ಹೊಸ ಲಿವರಿಗೆ ಹಳೇ ಲೆಕ್ಕದ ಕ್ಯಾಲಿಪರ್ ಕಟ್ಟಿದರೆ ಹಿಡಿತ ಕಮ್ಮಿ. ಹಳೇ ಲಿವರಿಗೆ ಹೊಸ ಕ್ಯಾಲಿಪರ್ ಕಟ್ಟಿದರೆ ಬ್ರೇಕ್ ದಿಢೀರ್ ಅಂತ ಕಚ್ಚುತ್ತೆ. ನನ್ನ 5800 ಲಿವರ್ ಹೊಸ ಲೆಕ್ಕದ್ದು, ಇದ್ದ ಕ್ಯಾಲಿಪರ್ ಹಳೇ ಲೆಕ್ಕದ್ದು. ಬೆಟ್ಟದಲ್ಲಿ ಆದದ್ದರಲ್ಲಿ ಇದರ ಪಾಲೂ ಇತ್ತು.

ಡ್ಯುರಾ ಏಸ್ R9100 ಜೋಡಿ ಸುಮಾರು 326 ಗ್ರಾಂ, ಅದರ ಕೆಳಗಿನ ದರ್ಜೆಯ ಅಲ್ಟೆಗ್ರಾ R8000 ಸುಮಾರು 360. ಎರಡಕ್ಕೂ 28 ಮಿ.ಮೀ. ಟೈರ್ ಹಿಡಿಸುತ್ತೆ. ಮೂವತ್ತು ಚಿಲ್ಲರೆ ಗ್ರಾಂಗೆ ಅಷ್ಟು ದುಡ್ಡು ಕೊಡಬೇಕಾ ಅಂತ ಒಂದು ವಾರ ಒದ್ದಾಡಿದೆ. ಕೊನೆಗೆ ಬೆಂಗಳೂರಿನ ಒಬ್ಬರು ಡಿಸ್ಕ್‌ಗೆ ಹೋಗುತ್ತಾ ತಮ್ಮ R9100 ಮಾರಿದರು, ಹೊಸ ಅಲ್ಟೆಗ್ರಾ ಬೆಲೆಗೇ ಸಿಕ್ಕಿತು. ಕೊಳ್ಳುವಾಗ ತೋಳು ಹಿಡಿದು ಅಲ್ಲಾಡಿಸಿ ನೋಡಿದೆ, ತೋಳು ತಿರುಗುವ ಕೀಲಿನಲ್ಲಿ (ಪಿವಟ್) ಒಂಚೂರೂ ಲೂಸ್ ಇರಲಿಲ್ಲ. ಹಾಗೆ ಸಿಗದಿದ್ದರೆ ಕಣ್ಣು ಮುಚ್ಚಿ R8000 ತಗೊಳ್ಳುತ್ತಿದ್ದೆ, ಅದಕ್ಕೆ ಒಂದಿಷ್ಟೂ ಬೇಜಾರು ಆಗುತ್ತಿರಲಿಲ್ಲ.

ಕೂರಿಸುವಾಗ ಒಂದು ತಪ್ಪು ಆಗೋದು ಸ್ವಲ್ಪದರಲ್ಲಿ ತಪ್ಪಿತು. ಮುಂದಿನ ಬೋಲ್ಟಿಗೆ ಬಂದ ನಟ್ಟು ನನ್ನ ಕಾರ್ಬನ್ ಫೋರ್ಕಿಗೆ ಗಿಡ್ಡ, ಎರಡೋ ಮೂರೋ ಸುತ್ತು ಮಾತ್ರ ಕಚ್ಚುತ್ತಿತ್ತು. ಬಿಗಿಯಾದ ಹಾಗೇ ಅನಿಸುತ್ತೆ, ಆದರೆ ಅದನ್ನು ನಂಬಿ ಬೆಟ್ಟ ಇಳಿಯೋಕೆ ಆಗಲ್ಲ. ಉದ್ದದ ನಟ್ಟು ತರಿಸಿದೆ, ಸುತ್ತು ಎಣಿಸಿದೆ, ಟಾರ್ಕ್ ರೆಂಚ್‌ನಲ್ಲಿ 8 ನ್ಯೂಟನ್ ಮೀಟರಿಗೆ ಬಿಗಿದೆ. ನಮ್ಮಲ್ಲಿ ಮುಂದಿನ ಬ್ರೇಕ್ ಬಲಗೈಗೆ ಅಲ್ವಾ, ಕ್ಯಾಲಿಪರಿನಲ್ಲಿ ಕೇಬಲ್ ಸೇರೋದೂ ಬಲಕ್ಕೇ. ಹಾಗಾಗಿ ಹೌಸಿಂಗ್ ಬಿಗಿಯಾಗಿ ಬಾಗುತ್ತೆ. ಒಂದೆರಡು ಸೆಂಟಿಮೀಟರ್ ಉದ್ದ ಬಿಟ್ಟು ಕತ್ತರಿಸಿದೆ, ಲಿವರ್ ಬೆಣ್ಣೆಯ ಹಾಗೆ ಆಯಿತು.

ಮೊದಲ ಪರೀಕ್ಷೆ ಮೇಲುಕೋಟೆ. ಪಾಂಡವಪುರ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಮುಂದೆ ಹೋಗುತ್ತಿತ್ತು, ಒಂದು ಜಲ್ಲೆ ಜಾರಿ ನನ್ನ ಮುಂದೆಯೇ ರಸ್ತೆಗೆ ಬಿತ್ತು. ಎರಡು ಬೆರಳಲ್ಲಿ ಹಿಡಿದೆ. ಹಿಂದಿನ ಚಕ್ರ ಏಳಲಿಲ್ಲ, ಜಾರಲಿಲ್ಲ, ಸೈಕಲ್ ಜಲ್ಲೆಗೆ ಒಂದು ಮಾರು ಹಿಂದೆಯೇ ನಿಂತಿತು. ವಾಪಸ್ ಬರುವಾಗ ಮೇಲುಕೋಟೆ ಇಳಿಜಾರು ಪೂರ್ತಿ ಹ್ಯಾಂಡಲ್‌ನ ಕೆಳಗೆ ಬಾಗಿದ ಭಾಗ (ಡ್ರಾಪ್ಸ್) ಹಿಡಿದೇ ಇಳಿದೆ, ಮೊದಲು ಆ ಧೈರ್ಯ ಇರಲಿಲ್ಲ.

ಒದ್ದೆಯಲ್ಲಿ ರಿಮ್ ಬ್ರೇಕ್ ರಿಮ್ ಬ್ರೇಕೇ. ಮೊದಲ ಒಂದು ಕ್ಷಣ ನೀರು ಒರೆಸೋಕೆ ಹೋಗುತ್ತೆ, ಎಷ್ಟು ದುಡ್ಡು ಕೊಟ್ಟರೂ ಅದು ತಪ್ಪಲ್ಲ. ಅದಕ್ಕೆ ಮಳೆಯಲ್ಲಿ ತಿರುವು ಬರೋ ಮೊದಲೇ ಲಿವರ್ ಮೆಲ್ಲಗೆ ಒತ್ತಿ ರಿಮ್ ಒಣಗಿಸಿಕೊಳ್ತೀನಿ. ಮನೆಗೆ ಬಂದ ಮೇಲೆ ಪ್ಯಾಡ್ ಬಿಚ್ಚಿ ಸೇಫ್ಟಿ ಪಿನ್ನಿನಲ್ಲಿ ಚೂರು ತೆಗೆದು, ಮರಳು ಕಾಗದದಲ್ಲಿ ಒಮ್ಮೆ ಉಜ್ಜಿ ಮತ್ತೆ ಹಾಕ್ತೀನಿ. ಹತ್ತು ನಿಮಿಷದ ಕೆಲಸ, ಭಾನುವಾರದ ಕಾಫಿ ಆರೋ ಮೊದಲೇ ಮುಗಿಯುತ್ತೆ.