ಗುರುತಿನ ಶೈಲಿಯಿಲ್ಲದೆ ಕಲಾಭ್ಯಾಸವನ್ನು ಕಟ್ಟಿಕೊಳ್ಳುವ ಬಗೆ

ದೂರದಿಂದ ಕಂಡೊಡನೆ ‘ಇದು ಇಂಥವರದೇ’ ಎನ್ನಿಸುವ ಶೈಲಿ ಎಷ್ಟೋ ಚಿತ್ರಕಾರರಿಗೆ ಆಸ್ತಿಯಾಗಿರುತ್ತದೆ. ಪರಿಕಲ್ಪನೆಯನ್ನೇ ಮುಖ್ಯವಾಗಿಟ್ಟುಕೊಂಡ ಕಲಾವಿದರಿಗೆ ಅದು ಹಲವು ಸಲ ಹೊರೆ, ಏಕೆಂದರೆ ಕೈಗೆ ರೂಢಿಯಾದ ರೂಪವು ವಿಚಾರ ಮೊಳೆಯುವ ಮೊದಲೇ ಅದರ ಆಕಾರವನ್ನು ತೀರ್ಮಾನಿಸಿಬಿಟ್ಟಿರುತ್ತದೆ. ಹಾಗಾದರೆ ಶೈಲಿಯನ್ನು ಬಿಟ್ಟಮೇಲೆ ಕೃತಿಗಳನ್ನು ಒಂದಕ್ಕೊಂದು ಬೆಸೆಯುವುದು ಯಾವುದು? ನನ್ನ ಮಟ್ಟಿಗೆ, ಬೆನ್ನುಬಿಡದ ಒಂದು ಪ್ರಶ್ನೆ.

ಆದ್ದರಿಂದ ಟಿಪ್ಪಣಿ ಪುಸ್ತಕದಿಂದ ಆರಂಭಿಸಿ. ಕಾಡುವ ಸಂಗತಿಗಳನ್ನು ಕೆಲವು ತಿಂಗಳು ದಿನಾಂಕ ಹಾಕಿ ಬರೆಯುತ್ತ ಹೋದರೆ, ಬೇರೆ ಬೇರೆ ಮಾತುಗಳಲ್ಲಿ ಮರಳಿ ಬರುವುದು ಯಾವುದೆಂದು ತಾನಾಗಿ ಕಾಣತೊಡಗುತ್ತದೆ. ‘ಕಾಲ’, ‘ನೆನಪು’ ಎಂಬ ಒಂಟಿ ಪದಗಳು ಸಾಲವು. ‘ಇಷ್ಟೆಲ್ಲ ದುಡಿದರೂ ಏನೂ ಉಳಿಯದಿದ್ದರೆ ಆ ದುಡಿಮೆ ಎಲ್ಲಿ ಹೋಯಿತು?’ ಎಂಬಷ್ಟು ಮೊನಚಾಗಿರಬೇಕು.

ಬೆಲ್ಜಿಯಂ ಮೂಲದ ಕಲಾವಿದ ಫ್ರಾನ್ಸಿಸ್ ಅಲೀಸ್ ಅವರ ಎರಡು ಕೃತಿಗಳಲ್ಲಿ ನನಗೆ ಕೇಳಿಸುವುದು ಇದೇ ಪ್ರಶ್ನೆ. 1997ರಲ್ಲಿ ಅವರು ಮೆಕ್ಸಿಕೋ ನಗರದ ಬೀದಿಗಳಲ್ಲಿ ದೊಡ್ಡದೊಂದು ಮಂಜುಗಡ್ಡೆಯನ್ನು ಒಂಬತ್ತು ಗಂಟೆಗೂ ಹೆಚ್ಚು ಕಾಲ ತಳ್ಳಿದರು. ಮೊದಲು ಮೈಬಗ್ಗಿಸಿ ತಳ್ಳಬೇಕಾಗಿದ್ದ ಅದು ಕೊನೆಗೆ ಕಾಲಲ್ಲಿ ಒದೆಯುವಷ್ಟು ಚಿಕ್ಕದಾಗಿ, ಕರಗಿ, ನೀರಿನ ಕಲೆಯಾಯಿತು. 2002ರಲ್ಲಿ ಪೆರು ದೇಶದ ಲಿಮಾ ನಗರದ ಹೊರವಲಯದಲ್ಲಿ ಸುಮಾರು 500 ಸ್ವಯಂಸೇವಕರು ಸಾಲಾಗಿ ನಿಂತು, ಸಲಿಕೆಗಳಿಂದ ಒಂದು ಮರಳದಿಬ್ಬವನ್ನು ಅಂದಾಜು ಹತ್ತು ಸೆಂಟಿಮೀಟರ್ ಸರಿಸಿದರು. ನೋಟಕ್ಕೆ ಇವೆರಡಕ್ಕೂ ಯಾವ ಹೋಲಿಕೆಯೂ ಇಲ್ಲ.

ಪ್ರಶ್ನೆ ಗಟ್ಟಿಯಾದಮೇಲೆ ಮಾಡಬೇಕೆಂದಿರುವ ಕೃತಿಯನ್ನು ವಿಶೇಷಣಗಳಿಲ್ಲದ ಒಂದೇ ವಾಕ್ಯದಲ್ಲಿ ಬರೆಯಿರಿ. ಅದನ್ನು ಛಾಯಾಚಿತ್ರವಾಗಿ, ವಸ್ತುವಾಗಿ, ಬರಿಯ ಬರಹವಾಗಿ ಕಲ್ಪಿಸಿಕೊಂಡು, ಯಾವ ಮಾಧ್ಯಮವನ್ನು ಬದಲಿಸಿದರೆ ವಿಚಾರವೇ ಕುಸಿಯುತ್ತದೋ ಅದನ್ನು ಆರಿಸಿಕೊಳ್ಳಿ. ಆ ಮಾಧ್ಯಮದ ಕೌಶಲ ನಿಮಗಿಲ್ಲದಿದ್ದರೆ ಬಲ್ಲವರಿಂದ ಮಾಡಿಸಿ, ಅವರ ಹೆಸರನ್ನು ದಾಖಲಿಸಿ. ಅಮೆರಿಕದ ಕಲಾವಿದ ಸೋಲ್ ಲೆವಿಟ್ 1968ರಿಂದ ರಚಿಸಿದ ಗೋಡೆಚಿತ್ರಗಳಲ್ಲಿ ಬಹಳಷ್ಟನ್ನು, ಅವರ ಸೂಚನೆಗಳನ್ನು ಓದಿ, ಇತರರೇ ಗೋಡೆಗೆ ಇಳಿಸಿದ್ದಾರೆ.

ಪ್ರತಿ ಸಲವೂ ಬೇರೆಯದಾಗಿ ಕಾಣಲೇಬೇಕೆಂಬ ಹಟವೂ ಒಂದು ಶೈಲಿಯೇ, ಅದೂ ಬೇಗ ಹಳಸುವಂಥದು. ಜಪಾನ್ ಮೂಲದ ಕಲಾವಿದ ಆನ್ ಕವಾರಾ 1966ರ ಜನವರಿ 4ರಿಂದ ದಶಕಗಳ ಕಾಲ ಆಯಾ ದಿನದ ದಿನಾಂಕವನ್ನೇ ಚಿತ್ರಿಸುತ್ತ ಬಂದರು. ಮಧ್ಯರಾತ್ರಿಯೊಳಗೆ ಮುಗಿಯದ ಚಿತ್ರವನ್ನು ನಾಶಮಾಡುತ್ತಿದ್ದರು. ಅಲ್ಲಿನ ಏಕರೂಪತೆ ಅವರು ಹಾಕಿಕೊಂಡ ನಿಯಮದಿಂದ ಬಂದದ್ದು. ನಿಮ್ಮ ಪ್ರಶ್ನೆಯೂ ಅಂಥ ನಿಯಮವನ್ನು ಬೇಡಿದರೆ ಹಿಂಜರಿಯಬೇಕಾಗಿಲ್ಲ.

ದಾಖಲೆಯ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಅಳತೆ, ಸೂಚನೆ, ಛಾಯಾಚಿತ್ರ, ಕೈಬಿಟ್ಟ ಕರಡು ಎಲ್ಲವೂ ಇರಲಿ, ಏಕೆಂದರೆ ಸಮಾನ ರೂಪವಿಲ್ಲದ ಕೃತಿಗಳ ನಡುವಿನ ದಾರಿಯನ್ನು ತೋರಿಸುವುದು ಅವೇ. ಅಮೆರಿಕದ ಕಲಾವಿದ ಜಾನ್ ಬಾಲ್ಡೆಸ್ಸರಿ 1970ರಲ್ಲಿ, ತಮ್ಮ ಬಳಿ ಉಳಿದಿದ್ದ 1953ರಿಂದ 1966ರವರೆಗಿನ ಚಿತ್ರಗಳನ್ನು ಸುಟ್ಟ ಕತೆಯನ್ನು ಕೇಳಿ ಕೆಲವರಿಗೆ ಹುಮ್ಮಸ್ಸು ಬರುತ್ತದೆ. ಬಾಲ್ಡೆಸ್ಸರಿ ಆ ಬೂದಿಯನ್ನು ಪುಸ್ತಕದಾಕಾರದ ಕರಂಡಕದಲ್ಲಿ ಕಾಪಿಟ್ಟರೆಂಬುದನ್ನು ಮರೆಯುತ್ತಾರೆ.

ವರ್ಷಕ್ಕೊಮ್ಮೆ ಈ ದಾಖಲೆಗಳನ್ನು ಮಾಧ್ಯಮವಾರು ಬೇರ್ಪಡಿಸದೆ ಒಟ್ಟಿಗೆ ಹರಡಿ, ನಿಮ್ಮ ಕೆಲಸದ ಪರಿಚಯವಿಲ್ಲದ ಒಬ್ಬರನ್ನು ಕರೆದು, ಇವೆಲ್ಲ ಏನನ್ನು ಕೇಳುತ್ತಿವೆ ಎಂದು ವಿಚಾರಿಸಿ. ಅವರ ಉತ್ತರ ಟಿಪ್ಪಣಿ ಪುಸ್ತಕದ ಪ್ರಶ್ನೆಗೆ ಹೊಂದದಿದ್ದರೆ, ಕೃತಿಗಳನ್ನು ತಿದ್ದಲು ಹೋಗುವ ಮುನ್ನ ಪ್ರಶ್ನೆಯನ್ನೇ ಇನ್ನೊಮ್ಮೆ ಬರೆದು ನೋಡಿ.