ಕೈಗೆ ಬಾರದ ಬಡ್ಡಿಯನ್ನು ಪುಸ್ತಕಕ್ಕೆ ಬರೆಯುವುದು ಹೇಗೆ?

ಕಾಫಿ ದುಡ್ಡನ್ನು ಎಫ್‌ಡಿಯಲ್ಲಷ್ಟೇ ಇಡುತ್ತಿದ್ದ ನನ್ನ ಪರಿಚಯದ ಕೆಲವು ತೋಟದವರು ಈಗ ಸರ್ಕಾರಿ ಬಾಂಡ್, ಅಂದರೆ ಸರ್ಕಾರ ಬಡ್ಡಿ ಕೊಡುವ ಸಾಲಪತ್ರ, ಕೊಳ್ಳುತ್ತಿದ್ದಾರೆ. ಕೊಳ್ಳುವುದರಲ್ಲಿ ಯಾರೂ ಎಡವುವುದಿಲ್ಲ, ಎಡವುವುದೆಲ್ಲ ಲೆಕ್ಕ ಬರೆಯುವಾಗ. ಕಳೆದ ಕಕ್ಕಡ (ಕೊಡಗಿನ ಮಳೆಗಾಲದ ತಿಂಗಳು) ಮುಗಿಯುವ ಹೊತ್ತಿಗೆ ಗೋಣಿಕೊಪ್ಪದ ನೆಂಟರೊಬ್ಬರು ಪುಸ್ತಕ ಹಿಡಿದು ಬಂದರು. ಮಳೆಗೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು. "ಬಾವ, ಬಾಂಡ್‌ನ ಬಡ್ಡಿ 7,180 ರೂಪಾಯಿ ಬಂತು. ಅಷ್ಟೂ ಆದಾಯ ತಾನೇ?" ಅಲ್ಲ. ಅರ್ಧ ಅವರದೇ ದುಡ್ಡು.

ಮೊದಲು ಪದ್ಧತಿ ಆರಿಸಿ. ಹಣ ಬಂದ ದಿನ ಬರೆದರೆ ನಗದು ಪದ್ಧತಿ. ಗಳಿಸಿದ ದಿನವೇ ಬರೆದರೆ ಅಕ್ರೂಯಲ್, ಪೇಟೆಯ ಮಾತಿನಲ್ಲಿ ಮರ್ಕಂಟೈಲ್. ಮಾರ್ಚ್‌ನಲ್ಲಿ ವ್ಯಾಪಾರಿಯ ಲಾರಿಗೆ 40 ಚೀಲ ಕಾಫಿ ಚೆರ್ರಿ ತುಂಬಿಸಿ, ಹಣ ಏಪ್ರಿಲ್‌ನಲ್ಲಿ ಬಂದರೂ ಮಾರಾಟ ಮಾರ್ಚ್‌ನದೇ. ಬಡ್ಡಿಗೂ ಅದೇ ನ್ಯಾಯ. ಬಡ್ಡಿ ಆದಾಯಕ್ಕೆ ತೆರಿಗೆ ಕಾನೂನು ಎರಡೂ ಪದ್ಧತಿಗಳನ್ನು ಒಪ್ಪುತ್ತದೆ, ಆದರೆ ಹಿಡಿದದ್ದನ್ನು ವರ್ಷವರ್ಷವೂ ಬಿಡದೆ ಅನುಸರಿಸಬೇಕು. ನನ್ನ ಸಲಹೆ ಮರ್ಕಂಟೈಲ್.

ಪದಗಳ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಅಕ್ರೂಡ್ ಇಂಟರೆಸ್ಟ್ ಎಂದರೆ 'ಬಾಕಿ ಬಡ್ಡಿ' ಅನ್ನುವವರಿದ್ದಾರೆ. ಅದು ತಪ್ಪು. ಬಾಕಿ ಅಂದರೆ ಗಡುವು ಮೀರಿಯೂ ಕೊಡದಿರುವುದು. ಇದು ದಿನದಿನವೂ ಬೆಳೆಯುತ್ತಿರುವ, ಇನ್ನೂ ಗಡುವು ಬಾರದ ಬಡ್ಡಿ. ಸಿಂಗಪುರದಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನಮ್ಮ ಮನೆಯ ಹುಡುಗಿ ಚೀನೀ ಪದಗಳನ್ನು ಹೇಳಿಕೊಟ್ಟಳು. ಇದಕ್ಕೆ ಅಲ್ಲಿ 'ಯಿಂಗ್‌ಜಿ ಲಿಶಿ', ಲೆಕ್ಕಕ್ಕೆ ಹಿಡಿಯಬೇಕಾದ ಬಡ್ಡಿ. ಅಕ್ರೂಯಲ್ ಪದ್ಧತಿಯ ಚೀನೀ ಹೆಸರಂತೂ ಹಕ್ಕು ಮತ್ತು ಹೊಣೆ ಹುಟ್ಟಿದಾಗ ಬರೆಯುವ ಪದ್ಧತಿ ಎಂದೇ. ನಮ್ಮ ಪಠ್ಯಪುಸ್ತಕಗಳ ಪದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಈಗ ಎಲ್ಲರೂ ಜಾರುವ ಜಾಗ, ಅವಧಿಯ ನಡುವೆ ಬಾಂಡ್ ಕೊಂಡಾಗ. ನೆಂಟರು ಕೊಂಡದ್ದು 2033ರಲ್ಲಿ ಮುಗಿಯುವ 7.18 ಶೇಕಡಾದ ಸರ್ಕಾರಿ ಬಾಂಡ್, ಮುಖಬೆಲೆ 2,00,000. ಬಡ್ಡಿ ಬರುವುದು ಫೆಬ್ರವರಿ 14 ಮತ್ತು ಆಗಸ್ಟ್ 14ರಂದು, ಸಲಕ್ಕೆ 7,180. ಅವರಿಗೆ ಬಾಂಡ್ ಸೇರಿದ್ದು ಮೇ 14ಕ್ಕೆ. ಲೆಕ್ಕ ಸುಲಭವಾಗಲೆಂದು ಬೆಲೆ 100ರ ಮುಖಬೆಲೆಗೆ ಸರಿಯಾಗಿ 100 ಎಂದಿಟ್ಟುಕೊಳ್ಳಿ. ಹಾಗಾದರೂ ಅವರು ಕೊಡಬೇಕಾದದ್ದು 2,03,590. ಯಾಕೆ? ಮಾರಿದವನು ಮೂರು ತಿಂಗಳು ಬಾಂಡ್ ಇಟ್ಟುಕೊಂಡಿದ್ದ, ಆ ಬಡ್ಡಿ ಅವನ ಹಕ್ಕು. ಸರ್ಕಾರಿ ಬಾಂಡ್‌ನಲ್ಲಿ ತಿಂಗಳಿಗೆ 30, ವರ್ಷಕ್ಕೆ 360 ದಿನವೆಂದೇ ಎಣಿಸುವುದರಿಂದ 90 ದಿನ: 14,360 ಗುಣಿಸು 90, ಭಾಗಿಸು 360, ಉತ್ತರ 3,590. (ಸರ್ಕಾರದ ಅಲ್ಪಾವಧಿ ಸಾಲಪತ್ರವಾದ ಟ್ರೆಷರಿ ಬಿಲ್‌ಗೆ ವರ್ಷ 365 ದಿನ. ಎರಡನ್ನೂ ಕಲಸಬೇಡಿ.) ಬಡ್ಡಿ ಬಿಟ್ಟ ಬೆಲೆ ಕ್ಲೀನ್ ಪ್ರೈಸ್, ಸೇರಿಸಿದ್ದು ಡರ್ಟಿ ಪ್ರೈಸ್. ಚೀನೀಯರು 'ಜಿಂಗ್‌ಜಿಯಾ', 'ಚುಆನ್‌ಜಿಯಾ' ಅನ್ನುತ್ತಾರೆ, ಅಂದರೆ ನಿವ್ವಳ ಬೆಲೆ, ಪೂರ್ಣ ಬೆಲೆ. ಡರ್ಟಿ ಅಂತ ಕೇಳಿ ಮೋಸವೇನೋ ಎಂದು ಹೆದರಿದವರನ್ನು ಕಂಡಿದ್ದೇನೆ.

ನೆಂಟರು 2,03,590 ಅಷ್ಟನ್ನೂ ಬಾಂಡ್‌ನ ಬೆಲೆ ಎಂದು ಬರೆದಿದ್ದರು. ಸರಿಯಾದದ್ದು ಹೀಗೆ: ಬಾಂಡ್ ಖಾತೆಗೆ ಡೆಬಿಟ್ (ಎಡಬದಿ) 2,00,000, ಬರಬೇಕಾದ ಬಡ್ಡಿ ಖಾತೆಗೆ ಡೆಬಿಟ್ 3,590, ಬ್ಯಾಂಕಿಗೆ ಕ್ರೆಡಿಟ್ (ಬಲಬದಿ) 2,03,590. ಆಗಸ್ಟ್ 14ಕ್ಕೆ 7,180 ಬಂದಾಗ ಬ್ಯಾಂಕಿಗೆ ಡೆಬಿಟ್. ಅದರಲ್ಲಿ 3,590 ಬರಬೇಕಾದ ಬಡ್ಡಿಯನ್ನು ತೀರಿಸುತ್ತದೆ, ಉಳಿದ 3,590 ಮಾತ್ರ ಆದಾಯ. ಅವರು ಬರೆದಂತೆ ಬಿಟ್ಟಿದ್ದರೆ ಈ ವರ್ಷ ಇಲ್ಲದ ಆದಾಯ, 2033ರಲ್ಲಿ ಆಗದ ನಷ್ಟ.

ಮೊಬೈಲ್ ಆ್ಯಪ್‌ಗಳನ್ನು ನಂಬಿ ಕೂರಬೇಡಿ. ನಾನು ನೋಡಿದ ಒಂದರಲ್ಲಿ ಯೀಲ್ಡ್ (ಕೊಟ್ಟ ಬೆಲೆಗೆ ಸಿಗುವ ವಾರ್ಷಿಕ ಪ್ರತಿಫಲ) ದಪ್ಪಕ್ಷರದಲ್ಲಿತ್ತು, ಅಕ್ರೂಡ್ ಬಡ್ಡಿ ಮೂರು ಪರದೆ ಕೆಳಗೆ. ಕಾಂಟ್ರ್ಯಾಕ್ಟ್ ನೋಟ್ (ವಹಿವಾಟಿನ ವಿವರದ ಚೀಟಿ) ತೆಗೆಸಿಕೊಂಡು ಅದರಿಂದಲೇ ಬರೆಯಿರಿ. ಜೆಲ್ ಪೆನ್ ಬೇಡ, ನಮ್ಮ ಮಳೆಗೆ ಅಂಕಿ ಕದಡುತ್ತದೆ.

ವರ್ಷದ ಲೆಕ್ಕ ಮುಗಿಸುವ ಮಾರ್ಚ್ 31ರ ಬರಹ ಇದರ ಮುಂದೆ ಸಲೀಸು. ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡ್ ಇದೆ ಎನ್ನಿ, 1,00,000. ಬಡ್ಡಿ ಜನವರಿ 1, ಜುಲೈ 1ಕ್ಕೆ. ದರ ಅಂಚೆ ಕಚೇರಿಯ ಉಳಿತಾಯ ಪತ್ರವಾದ ಎನ್‌ಎಸ್‌ಸಿಗಿಂತ ಶೇಕಡಾ 0.35 ಹೆಚ್ಚು, ಆರು ತಿಂಗಳಿಗೊಮ್ಮೆ ನಿಗದಿ. 8.05 ಇದ್ದರೆ ಜನವರಿಯಿಂದ ಮಾರ್ಚ್‌ವರೆಗೆ 2,012.50. ಬರಬೇಕಾದ ಬಡ್ಡಿಗೆ ಡೆಬಿಟ್, ಬಡ್ಡಿ ಆದಾಯಕ್ಕೆ ಕ್ರೆಡಿಟ್, ಮುಗಿಯಿತು. ಜುಲೈ 1ಕ್ಕೆ 4,025 ಬಂದಾಗ ಅರ್ಧ ಹೋದ ವರ್ಷದ್ದು, ಅರ್ಧ ಹೊಸದು. ಹೆಚ್ಚು ಬಾಂಡ್ ಇದ್ದು ಟಿಡಿಎಸ್ (ಬಡ್ಡಿ ಕೊಡುವಾಗಲೇ ಹಿಡಿಯುವ ತೆರಿಗೆ) ಮುರಿದುಕೊಂಡಿದ್ದರೆ ಖಾತೆಗೆ ಬಂದಷ್ಟನ್ನೇ ಬರೆದು ಸುಮ್ಮನಾಗಬೇಡಿ. ಪೂರ್ತಿ ಬಡ್ಡಿ ಆದಾಯಕ್ಕೆ, ಮುರಿದದ್ದು ಟಿಡಿಎಸ್ ಖಾತೆಗೆ. ನಿಮ್ಮ ಹೆಸರಿನಲ್ಲಿ ಮುರಿದ ತೆರಿಗೆಯನ್ನು ತೋರಿಸುವ ತೆರಿಗೆ ಇಲಾಖೆಯ ಪಟ್ಟಿ (ಫಾರಂ 26ಎಎಸ್) ತೆಗೆದು ಪಕ್ಕದಲ್ಲಿಟ್ಟು ತಾಳೆ ನೋಡಿ. ನೆಂಟರ ಪುಸ್ತಕದ ಅಂಟಿದ್ದ ಹಾಳೆಗಳನ್ನು ಮಾತ್ರ ಒಲೆಯ ಮೇಲೆ ಹಿಡಿದು ಒಣಗಿಸಿ ಬಿಡಿಸಬೇಕಾಯಿತು.