ಮಲೆನಾಡಿಗೆ ಫೋನ್ ಕೊಳ್ಳುವ ಮುನ್ನ ಬ್ಯಾಂಡ್ ನೋಡಿ

ಹೊಸ ಫೋನಿನ ಸುದ್ದಿಗಳು ಬಹುಪಾಲು ಕ್ಯಾಮೆರಾದ ಸುತ್ತಲೇ ತಿರುಗುತ್ತವೆ. ಆದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ತೋಟದ ಮನೆಗಳಲ್ಲಿರುವವರು ಮೊದಲು ನೋಡಬೇಕಾದದ್ದು ಫೋನ್ ಯಾವ ಬ್ಯಾಂಡ್‌ಗಳನ್ನು (ಮೊಬೈಲ್ ಸಿಗ್ನಲ್ ಸಾಗುವ ಆವರ್ತನ ಶ್ರೇಣಿಗಳನ್ನು) ಹಿಡಿಯುತ್ತದೆ ಎಂಬುದನ್ನು. 700 ಮೆಗಾಹರ್ಟ್ಸ್‌ನಂತಹ ಕಡಿಮೆ ಆವರ್ತನದ (ಫ್ರೀಕ್ವೆನ್ಸಿಯ) ಸಿಗ್ನಲ್ ಹೆಚ್ಚು ದೂರ ಸಾಗುತ್ತದೆ, ಮರಗಳನ್ನೂ ಗೋಡೆಗಳನ್ನೂ ಸಾಕಷ್ಟು ದಾಟಿ ಬರುತ್ತದೆ. 3300 ಮೆಗಾಹರ್ಟ್ಸ್‌ನ 5ಜಿಗೆ ವೇಗ ಹೆಚ್ಚಿದ್ದರೂ ಆ ಶಕ್ತಿ ಇಲ್ಲ. ಬಿಎಸ್‌ಎನ್‌ಎಲ್ ತನ್ನ 4ಜಿಗೆ 700 ಮೆಗಾಹರ್ಟ್ಸ್ ಬಳಸುತ್ತದೆ, ಜಿಯೋ 2022ರ ಹರಾಜಿನಲ್ಲಿ ಅದನ್ನೇ 5ಜಿಗಾಗಿ ಪಡೆದುಕೊಂಡಿತು. ಆದ್ದರಿಂದ ಫೋನಿನ ವಿವರಗಳಲ್ಲಿ ಈ 700 ಮೆಗಾಹರ್ಟ್ಸ್ ಬ್ಯಾಂಡ್‌ನ ಹೆಸರು, ಅಂದರೆ 4ಜಿಗೆ ‘ಬಿ28’ (B28), 5ಜಿಗೆ ‘ಎನ್28’ (n28) ಎಂದು ನಮೂದಾಗಿದೆಯೇ ಎಂದು ದಯವಿಟ್ಟು ಖಚಿತಪಡಿಸಿಕೊಳ್ಳಿ.

ಕಳೆದ ಮಳೆಗಾಲದಲ್ಲಿ ನಮ್ಮ ತಾಯಿಯವರು, ಸಂಬಂಧಿಕರು ಹೊರದೇಶದಿಂದ ತಂದುಕೊಟ್ಟ ಫೋನ್ ಹಿಡಿದು, ಕಾಫಿ ಕಣದ ತುದಿಯಲ್ಲಿ ಕೊಡೆಯಡಿ ನಿಂತು ಮಾತನಾಡಬೇಕಾಗಿತ್ತು. ಅಡುಗೆಮನೆಯಲ್ಲಿ ಒಂದು ಕಡ್ಡಿಯೂ ಬರುತ್ತಿರಲಿಲ್ಲ. ಅದರಲ್ಲಿ ಬಿ28 ಇರಲಿಲ್ಲವೆಂದು ನಮಗೆ ಆಮೇಲೆ ತಿಳಿಯಿತು. ಒಂದೇ ಹೆಸರಿನ ಫೋನ್ ಬೇರೆ ಬೇರೆ ದೇಶಗಳಲ್ಲಿ ಬೇರೆ ಬ್ಯಾಂಡ್‌ಗಳೊಂದಿಗೆ ಮಾರಾಟವಾಗುವುದರಿಂದ, ಮಾದರಿ ಸಂಖ್ಯೆಯನ್ನೂ ಹೋಲಿಸಿ ನೋಡಬೇಕು.

ಮನೆಗೆ ಫೈಬರ್ ಸಂಪರ್ಕ ಇರುವವರು ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಂಡರೆ, ಸಿಗ್ನಲ್ ಇಲ್ಲದ ಕೋಣೆಯಿಂದಲೂ ಸಾಮಾನ್ಯ ಕರೆ ಮಾಡಬಹುದು.